ಸಾಕುಹಾವನ್ನು ಆರಿಸಿದ ಇಲಿ

ಅಮೆರಿಕದ ಸಾಕುಪ್ರಾಣಿ ಅಂಗಡಿಗಳ ಫ್ರೀಜರಿನಲ್ಲಿ ಹೆಪ್ಪುಗಟ್ಟಿದ ಬಿಳಿ ಇಲಿಗಳ ಪೊಟ್ಟಣಗಳು ಸಿಗುತ್ತವೆ. ಕೂದಲು ಮೂಡದ ಮರಿ ‘ಪಿಂಕಿ’, ತೆಳು ರೋಮ ಬಂದದ್ದು ‘ಫಜ್ಜಿ’, ಜಿಗಿಯುವ ವಯಸ್ಸಿನದು ‘ಹಾಪರ್’. ಹಾವಿನ ಮೈ ಎಲ್ಲಿ ಅತಿ ದಪ್ಪವೋ ಸರಿಸುಮಾರು ಅಷ್ಟೇ ದಪ್ಪದ ಇಲಿ ಕೊಡಬೇಕು ಎಂಬುದು ಸಾಕುವವರ ಲೆಕ್ಕ. ಕಾಡಿನಲ್ಲಿ ಕಪ್ಪೆ, ಓತಿ, ಮೀನು, ಮೊಟ್ಟೆ, ಹಕ್ಕಿ, ಇನ್ನೊಂದು ಹಾವು ಹೀಗೆ ನೂರೆಂಟು ಬಗೆಯ ಊಟವಿರುವ ಜೀವಿಗಳಿಗೆ ಊಟವೆಂದರೆ ಇಲಿ ಎಂದಾದದ್ದು ಹೇಗೆ?

ಹುಡುಕುತ್ತ ಹೋದರೆ ಮ್ಯಾಸಚೂಸೆಟ್ಸ್‌ನ ಗ್ರ್ಯಾನ್‌ಬಿ ಎಂಬ ಊರು ಸಿಗುತ್ತದೆ. ಅಲ್ಲಿ ಆ್ಯಬಿ ಲ್ಯಾಥ್ರಾಪ್ ಎಂಬ ಶಿಕ್ಷಕಿ ಕೆಲಸ ಬಿಟ್ಟು ಕೋಳಿ ಸಾಕಿದರು, ಕೈಹತ್ತಲಿಲ್ಲ. 1900ರ ಸುಮಾರಿಗೆ ಸಾಕು ಇಲಿಗಳನ್ನು ಬೆಳೆಸಿ ಮಾರತೊಡಗಿದರು. ಮನೆಗಳಲ್ಲಿ ಸಾಕಲೆಂದು ಬೆಳೆಸಿದ ಈ ಇಲಿಗಳನ್ನು ವಿಜ್ಞಾನಿಗಳು ಕೊಳ್ಳತೊಡಗಿದರು. ಹಾರ್ವರ್ಡಿನ ವಿಲಿಯಂ ಕ್ಯಾಸಲ್ ಅವರಲ್ಲಿ ಒಬ್ಬರು. ಕ್ಯಾಸಲ್ ಶಿಷ್ಯ ಕ್ಲಾರೆನ್ಸ್ ಕುಕ್ ಲಿಟಲ್ 1929ರಲ್ಲಿ ಮೇನ್ ರಾಜ್ಯದ ಬಾರ್ ಹಾರ್ಬರಿನಲ್ಲಿ ಜಾಕ್ಸನ್ ಪ್ರಯೋಗಾಲಯ ಕಟ್ಟಿದರು. ಇಲಿಗೆ ಏನು ತಿನ್ನಿಸಬೇಕು, ರೋಗ ಹೇಗೆ ತಡೆಯಬೇಕು, ವರ್ಷವಿಡೀ ಮರಿ ಪಡೆಯುವುದು ಹೇಗೆ ಎಂಬ ವಿದ್ಯೆ ಪಳಗಿದ್ದು ಪ್ರಯೋಗಾಲಯಗಳಲ್ಲಿ. ಹಾವು ಸಾಕುವವರಿಗೆ ಅದು ಸಿದ್ಧವಾಗಿಯೇ ದಕ್ಕಿತು.

ಅತ್ತ ಮೃಗಾಲಯಗಳು ಪಡುತ್ತಿದ್ದ ಪಾಡು ಬೇರೆ. 1899ರಲ್ಲಿ ತೆರೆದ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಸರೀಸೃಪಗಳ ಹೊಣೆ ರೇಮಂಡ್ ಡಿಟ್‌ಮಾರ್ಸ್ ಅವರದು. ಉಪವಾಸ ಕೂತ ಹೆಬ್ಬಾವನ್ನು ಹಲವರು ಹಿಡಿದುಕೊಂಡು ಗಂಟಲಿಗೆ ಆಹಾರ ನೂಕುತ್ತಿದ್ದ ಕಾಲ ಅದು. ಮುಂದೆ ಸ್ಟೇಟನ್ ಐಲ್ಯಾಂಡ್ ಮೃಗಾಲಯದ ಕಾರ್ಲ್ ಕಾಫೆಲ್ಡ್, ಹಾವು ಉಣ್ಣದಿದ್ದರೆ ಮೊದಲು ಅದಿರುವ ಜಾಗವನ್ನು ನೋಡಿ, ಅಡಗಲು ಮರೆಯಿದೆಯೇ ಗಮನಿಸಿ ಎಂದರು. ಹಾವು ಸಾಕುವುದರ ಬಗ್ಗೆ 1969ರಲ್ಲಿ ಬಂದ ಅವರ ಪುಸ್ತಕವನ್ನು ಒಂದು ಪೀಳಿಗೆಯೇ ಓದಿತು. ಹೆದರಿದ ಹಾವಿಗೆ ಹಸಿವಿರದು ಎಂಬ ಈ ತಿಳಿವಳಿಕೆ ಯಾವ ಪೌಷ್ಟಿಕ ಆಹಾರಕ್ಕೂ ಕಡಿಮೆಯದಲ್ಲ.

ಅದೇ ದಶಕದಲ್ಲಿ ಪ್ರಾಣಿವರ್ತನೆಯ ವಿಜ್ಞಾನಿ ಗಾರ್ಡನ್ ಬರ್ಗ್‌ಹಾರ್ಟ್ ಒಂದು ಸರಳ ಪ್ರಯೋಗ ಮಾಡಿದರು. ಹುಟ್ಟಿದ ಮೇಲೆ ಒಂದು ತುತ್ತೂ ತಿಂದಿರದ ಗಾರ್ಟರ್ ಹಾವಿನ ಮರಿಯ ಮೂತಿಯ ಮುಂದೆ ಎರೆಹುಳುವಿನ ಸಾರದಲ್ಲಿ ಅದ್ದಿದ ಹತ್ತಿ ಹಿಡಿದರು. ಮರಿ ಪಟಪಟನೆ ನಾಲಿಗೆ ಚಾಚಿ, ಹತ್ತಿಗೇ ಬಾಯಿ ಹಾಕಿತು. ಯಾವ ವಾಸನೆ ತನ್ನ ಊಟದ್ದು ಎಂಬುದು ಹಾವಿಗೆ ಹುಟ್ಟಿನಿಂದಲೇ ಬರುತ್ತದೆ. ಆಮೇಲೆ ಇನ್ನೊಬ್ಬ ವಿಜ್ಞಾನಿ ಸ್ಟೀವನ್ ಅರ್ನಾಲ್ಡ್ ಕ್ಯಾಲಿಫೋರ್ನಿಯಾದಲ್ಲಿ ಕಂಡದ್ದು ಇನ್ನೂ ಸೋಜಿಗದ್ದು: ಒಂದೇ ಜಾತಿಯ ಗಾರ್ಟರ್ ಹಾವುಗಳಲ್ಲಿ ಕರಾವಳಿಯ ಮರಿಗಳು ಚಿಪ್ಪಿಲ್ಲದ ಬಸವನಹುಳುವನ್ನು ತಿಂದವು, ಒಳನಾಡಿನವು ಬಹುಪಾಲು ಮುಟ್ಟಲಿಲ್ಲ.

ಇಲಿಯನ್ನೇ ನೆಚ್ಚಿಕೊಂಡ ಹವ್ಯಾಸಕ್ಕೆ ಇದರಿಂದ ಬಂದ ತೊಡಕು ಸಣ್ಣದಲ್ಲ. ಕಾರ್ನ್ ಸ್ನೇಕ್ ಮರಿ ಕೆಲವೊಮ್ಮೆ ಓತಿಯನ್ನೇ ಬಯಸುತ್ತದೆ. ಹಾಗ್‌ನೋಸ್ ಜಾತಿಗಳಿಗೆ ನೆಲಗಪ್ಪೆ ಇಷ್ಟ. ಸಾಕುವವರು ಪಿಂಕಿಯ ಮೈಗೆ ಓತಿಯನ್ನೋ ಕಪ್ಪೆಯನ್ನೋ ಉಜ್ಜಿ ವಾಸನೆ ಬದಲಿಸಿದರು. ಒಪ್ಪಿಕೊಂಡ ಮರಿಗಳು ಬೆಳೆದು ಸಂತಾನ ಕಂಡವು. ಒಪ್ಪದ ಜಾತಿಗಳು ಅಂಗಡಿಗಳಲ್ಲಿ ಅಪರೂಪವಾದವು. ಮನುಷ್ಯ ತನಗಿಷ್ಟವಾದ ಹಾವನ್ನು ಆರಿಸಿ ಅದಕ್ಕೆ ಊಟ ಹುಡುಕಿದ ಎಂದು ನಾವು ಭಾವಿಸುತ್ತೇವೆ. ನನ್ನ ಮಟ್ಟಿಗೆ, ಯಾವ ಹಾವು ಮನೆಯೊಳಗೆ ಬರಬೇಕೆಂದು ತೀರ್ಮಾನಿಸಿದ್ದೇ ಇಲಿ.

ಇಲಿ ತಿನ್ನುವ ಹಾವುಗಳ ಪಾಲಿಗೆ ಈ ಆಯ್ಕೆ ಒಳ್ಳೆಯದೇ ಆಯಿತು. ಇಡೀ ಇಲಿ ನುಂಗಿದಾಗ ಮೂಳೆಯಿಂದ ಕ್ಯಾಲ್ಸಿಯಂ, ಪಿತ್ತಜನಕಾಂಗದಿಂದ ಎ ಜೀವಸತ್ವ ಒಟ್ಟಿಗೇ ಸಿಗುತ್ತವೆ. ಬರೀ ಮಾಂಸದ ತುಂಡಿನಲ್ಲಿ ಅವಿಲ್ಲ. ಮೀನು ತಿನ್ನುವ ಗಾರ್ಟರ್ ಹಾವಿನ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಗೋಲ್ಡ್‌ಫಿಶ್‌ನಂಥ ಕೆಲವು ಮೀನುಗಳಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಬಿ1 ಜೀವಸತ್ವವನ್ನು ಒಡೆದುಹಾಕುತ್ತದೆ. ಅಂಥ ಮೀನನ್ನೇ ತಿಂದ ಹಾವಿಗೆ ಕೊನೆಗೆ ಸೆಳೆತ ಬರುತ್ತದೆ. ಹಸಿ ಮೀನು ಇಂಥ ಹಾನಿ ಮಾಡಬಲ್ಲದು ಎಂಬುದು 1930ರ ದಶಕದಲ್ಲಿ ಅಮೆರಿಕದ ನರಿ ಸಾಕಣೆ ಕೇಂದ್ರಗಳಲ್ಲೇ ಬಯಲಾಗಿತ್ತು.

ಜೀವಂತ ಇಲಿಯ ಜಾಗಕ್ಕೆ ಫ್ರೀಜರ್ ಬಂದದ್ದಕ್ಕೆ ಕಾರಣ ಇಲಿಯ ಹಲ್ಲು. ಹಸಿವಿಲ್ಲದ ಹಾವಿನ ಜೊತೆ ಇಲಿಯನ್ನು ಬಿಟ್ಟರೆ ಅದು ಹಾವಿನ ಬೆನ್ನನ್ನೇ ಕಡಿದು ಗಾಯ ಮಾಡುತ್ತದೆ. ಇಲಿಗೂ ಅದು ಭಯದ ಸಾವು. ಈಗ ಇಲಿಯನ್ನು ಫ್ರಿಜ್ಜಿನಲ್ಲಿ ಕರಗಿಸಿ, ಬಿಸಿನೀರಿನಲ್ಲಿಟ್ಟು ಮೈಶಾಖಕ್ಕೆ ತಂದು, ಇಕ್ಕಳದಲ್ಲಿ ಹಿಡಿದು ಅಲ್ಲಾಡಿಸುತ್ತಾರೆ. ಬಾಲ್ ಪೈಥಾನ್ ಎಂಬ ಹೆಬ್ಬಾವಿನ ತುಟಿಯಂಚಿನ ಕುಳಿಗಳು ಆ ಬಿಸಿಯನ್ನು ಗುರುತಿಸುತ್ತವೆ. ಕತ್ತು ಹಿಂದಕ್ಕೆ ಬಾಗುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಇಲಿ ಸುರುಳಿಯಲ್ಲಿರುತ್ತದೆ. ಸತ್ತದ್ದನ್ನೇ ಮತ್ತೆ ಬಿಗಿದು, ನಾಲಿಗೆಯಿಂದ ತಡವಿ ತಲೆ ಹುಡುಕಿ, ಅಲ್ಲಿಂದ ನುಂಗತೊಡಗುತ್ತದೆ.

ಇಷ್ಟೆಲ್ಲ ಸುಲಭವಾದ ಮೇಲೆ ಹೊಸ ಕಾಯಿಲೆ ಬೊಜ್ಜು. ಹಾವಿನ ದೇಹ ಉಪವಾಸಕ್ಕೂ ಅಪರೂಪದ ಔತಣಕ್ಕೂ ಒಗ್ಗಿದ್ದು. ಬರ್ಮಾ ಹೆಬ್ಬಾವಿನ ಹೃದಯ ಊಟವಾದ ಎರಡು ದಿನಗಳಲ್ಲಿ ಶೇ 40ರಷ್ಟು ಹಿಗ್ಗುತ್ತದೆಂದು 2005ರಲ್ಲಿ ತಿಳಿಯಿತು. ಬೆಳೆದ ಬಾಲ್ ಪೈಥಾನಿಗೆ ಎರಡು ವಾರಕ್ಕೊಮ್ಮೆ, ಕೆಲವಕ್ಕೆ ಇನ್ನೂ ತಡವಾಗಿ ಊಟ ಸಾಕು. ಪ್ರೀತಿಯಿಂದ ವಾರವಾರ ಉಣಿಸಿದರೆ ಪಿತ್ತಜನಕಾಂಗದಲ್ಲಿ ಕೊಬ್ಬು ತುಂಬುತ್ತದೆ.

ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯಡಿ ಕೇರೆಹಾವನ್ನೋ ನಾಗರವನ್ನೋ ಮನೆಯಲ್ಲಿ ಸಾಕುವಂತಿಲ್ಲ. ಬಾಲ್ ಪೈಥಾನಿನಂಥ ವಿದೇಶಿ ಹಾವಿದ್ದರೆ 2024ರ ನಿಯಮಗಳ ಪ್ರಕಾರ ‘ಪರಿವೇಶ್’ ಪೋರ್ಟಲಿನಲ್ಲಿ ನೋಂದಾಯಿಸಬೇಕು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸೂಟ್‌ಕೇಸಿನೊಳಗೆ ಸಿಕ್ಕ ಹಾವುಗಳಲ್ಲೂ ಇದೇ ಜಾತಿಯವಿದ್ದವು. ಹಾಲಿನ ಮಾತನ್ನೂ ಹೇಳಿಬಿಡಬೇಕು: ಹಾಲು ಯಾವ ಹಾವಿನ ಆಹಾರವೂ ಅಲ್ಲ. ದಿನಗಟ್ಟಲೆ ನೀರಿಲ್ಲದೆ ಬಳಲಿದ ಹಾವು ಬಾಯಾರಿಕೆಗೆ ಅದನ್ನು ಹೀರುತ್ತದೆ, ಜೀರ್ಣಿಸಿಕೊಳ್ಳಲಾರದೆ ನರಳುತ್ತದೆ.

ಇಲಿಯ ಏಕಸ್ವಾಮ್ಯ ಈಗ ಕೊಂಚ ಸಡಿಲವಾಗುತ್ತಿದೆ. 1998ರಲ್ಲಿ ಪ್ರಕಟವಾದ ನೈಜೀರಿಯಾದ ಅಧ್ಯಯನವೊಂದರಲ್ಲಿ, ಮರ ಹತ್ತುವ ಗಂಡು ಬಾಲ್ ಪೈಥಾನ್‌ಗಳು ಹಕ್ಕಿಗಳನ್ನೂ, ಹೆಣ್ಣುಗಳು ಹೆಚ್ಚಾಗಿ ಸಸ್ತನಿಗಳನ್ನೂ ತಿನ್ನುತ್ತಿದ್ದುದು ಕಂಡುಬಂದಿತ್ತು. ಸಾಕುವವರಲ್ಲಿ ಕೆಲವರು ಇಲಿಯ ನಡುನಡುವೆ ಹೆಪ್ಪುಗಟ್ಟಿದ ಗೌಜಲಕ್ಕಿ, ಕೋಳಿಮರಿ ಕೊಡುತ್ತಿದ್ದಾರೆ. ಮೊಲ, ಕಪ್ಪೆಗಳನ್ನು ಮೂಳೆ ಸಮೇತ ಅರೆದು ತುಂಬಿದ ಸಾಸೇಜುಗಳೂ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿವೆ.