ಮನೆಯ ವಿಷಯ ಜಗತ್ತಿನ ಮುಂದೆ ಬಂದ ದಿನ

ಮಾನವ ಹಕ್ಕುಗಳ ದಿನವೆಂದು ಡಿಸೆಂಬರ್ 10ನ್ನು ವರ್ಷವರ್ಷವೂ ಆಚರಿಸುತ್ತೇವೆ. 1948ರಲ್ಲಿ ಆ ದಿನ ಹೊರಬಂದ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಗೂ ಎರಡು ವರ್ಷ ಮೊದಲು, 1946ರ ಡಿಸೆಂಬರ್ 8ರಂದು, ವಿಶ್ವಸಂಸ್ಥೆಯಲ್ಲಿ ನಡೆದದ್ದನ್ನು ಮಾತ್ರ ಮರೆತು ಕೂತಿದ್ದೇವೆ. ಅದನ್ನು ನಡೆಸಿದ್ದು ಇನ್ನೂ ಸ್ವಾತಂತ್ರ್ಯವೇ ಸಿಗದಿದ್ದ ಭಾರತ ಎನ್ನುವಾಗ ಈ ಮರೆವು ಇನ್ನಷ್ಟು ನೋಯಿಸುತ್ತದೆ.

ಆ ವರ್ಷ ದಕ್ಷಿಣ ಆಫ್ರಿಕಾ ಹೊಸ ಭೂಕಾಯ್ದೆಯೊಂದನ್ನು ತಂದಿತು. ನಟಾಲ್ ಪ್ರಾಂತ್ಯದ ಭಾರತೀಯರು ಗೊತ್ತುಪಡಿಸಿದ ಪ್ರದೇಶದ ಹೊರಗೆ ಬೇರೆಯವರಿಂದ ಜಮೀನು ಕೊಳ್ಳುವಂತಿರಲಿಲ್ಲ. ಜನ ಅದನ್ನು ‘ಘೆಟ್ಟೋ ಕಾಯ್ದೆ’ ಎಂದೇ ಕರೆದರು. ಜೂನ್‌ನಲ್ಲಿ ಡರ್ಬನ್‌ನ ಭಾರತೀಯರು ಬಿಳಿಯರಿಗೆ ಮೀಸಲಾದ ಖಾಲಿ ಜಾಗದಲ್ಲಿ ಡೇರೆ ಹಾಕಿ ಕೂತರು. ಅವರ ಮುಂದಾಳುಗಳು ಯೂಸುಫ್ ದಾದೂ, ಮಾಂಟಿ ನಾಯ್ಕರ್. ಸುಮಾರು 2,000 ಜನ ಜೈಲು ಸೇರಿದರು. ಭಾರತ ಆ ದೇಶದೊಂದಿಗೆ ವ್ಯಾಪಾರ ನಿಲ್ಲಿಸಿತು, ದೂರನ್ನು ವಿಶ್ವಸಂಸ್ಥೆಗೆ ಒಯ್ದಿತು.

ನ್ಯೂಯಾರ್ಕ್‌ನಲ್ಲಿ ಎದುರಿಗಿದ್ದವರು ದಕ್ಷಿಣ ಆಫ್ರಿಕಾದ ಪ್ರಧಾನಿ ಯಾನ್ ಸ್ಮಟ್ಸ್. ಮೂಲಭೂತ ಮಾನವ ಹಕ್ಕುಗಳಲ್ಲಿ ನಂಬಿಕೆ ಸಾರುವ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಗೆ ಮೊದಲ ಕರಡು ಬರೆದವರೇ ಇವರು! ಈಗ ಅದೇ ಸನ್ನದಿನ 2ನೇ ವಿಧಿಯ 7ನೇ ಉಪವಿಧಿಯನ್ನು ಗುರಾಣಿಯಂತೆ ಹಿಡಿದರು. ಇದು ನಮ್ಮ ಆಂತರಿಕ ವಿಷಯ, ವಿಶ್ವಸಂಸ್ಥೆಯ ಮಹಾಸಭೆಗೆ ಕೈಹಾಕುವ ಅಧಿಕಾರವಿಲ್ಲ, ಬೇಕಿದ್ದರೆ ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಲಿ ಎಂದರು. ಬ್ರಿಟನ್ ಅವರ ಪರ ನಿಂತಿತು.

ಭಾರತದ ನಿಯೋಗವನ್ನು ಮುನ್ನಡೆಸಿದ್ದ ವಿಜಯಲಕ್ಷ್ಮಿ ಪಂಡಿತ್ ಬಗ್ಗಲಿಲ್ಲ. ಎರಡು ಸರ್ಕಾರಗಳ ನಡುವೆ 1927ರ ಕೇಪ್‌ಟೌನ್ ಒಪ್ಪಂದವಿದೆ, ಸನ್ನದಿಗೆ ಸಹಿ ಹಾಕಿದ ಮೇಲೆ ಹಕ್ಕುಗಳ ಹೊಣೆಯೂ ಬಂತು, ಇದನ್ನು ಬರೀ ಕಾನೂನಿನ ತಕರಾರಾಗಿ ನೋಡಬೇಡಿ ಎಂಬುದು ಅವರ ವಾದ. ಫ್ರಾನ್ಸ್ ಮತ್ತು ಮೆಕ್ಸಿಕೊ ರೂಪಿಸಿದ ನಿರ್ಣಯಕ್ಕೆ 32 ಮತ ಬಿದ್ದವು, ವಿರುದ್ಧ 15. ಏಳು ದೇಶಗಳು ತಟಸ್ಥ. ಪರ-ವಿರುದ್ಧ ಬಿದ್ದ ಮತಗಳಲ್ಲಿ ಮೂರನೇ ಎರಡರಷ್ಟು ಬೇಕಿತ್ತು. ಒಂದೇ ಒಂದು ಮತ ಆ ಕಡೆ ಹೋಗಿದ್ದರೂ ನಿರ್ಣಯ ಬಿದ್ದುಹೋಗುತ್ತಿತ್ತು.

ಮತದಾನದ ಬಳಿಕ ಪಂಡಿತ್ ಸ್ಮಟ್ಸ್ ಬಳಿ ಹೋಗಿ, ತಮ್ಮ ಮಾತಿನಿಂದ ನೋವಾಗಿದ್ದರೆ ಕ್ಷಮಿಸಿ ಎಂದು ಕೇಳಿದರು. ಕಹಿ ಉಳಿಸಿಕೊಳ್ಳಬೇಡ ಎಂದು ಗಾಂಧೀಜಿ ಮೊದಲೇ ಹೇಳಿ ಕಳಿಸಿದ್ದರಂತೆ. ನಿನ್ನ ಗೆಲುವು ಪೊಳ್ಳು, ಇದರಿಂದ ಮುಂದಿನ ಚುನಾವಣೆಯಲ್ಲಿ ನಾನು ಸೋಲುತ್ತೇನೆ ಎಂದು ಸ್ಮಟ್ಸ್ ಉತ್ತರಿಸಿದ್ದನ್ನು ಪಂಡಿತ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1948ರಲ್ಲಿ ಅವರು ಸೋತೂ ಸೋತರು. ಬಂದವರು ವರ್ಣಭೇದವನ್ನೇ ಸರ್ಕಾರದ ನೀತಿ ಮಾಡಿಕೊಂಡರು. ಕಾಯ್ದೆ ಸಡಿಲಾಗಲಿಲ್ಲ, ಬಿಗಿಯಾಯಿತು.

ಆದರೂ ಸ್ಮಟ್ಸ್ ಹೇಳಿದ್ದರಲ್ಲಿ ಅರ್ಧ ಮಾತ್ರ ನಿಜ ಎನ್ನುತ್ತೇನೆ. ಆಂತರಿಕ ವಿಷಯ ಎಂದು ಬಾಗಿಲು ಹಾಕಿಕೊಳ್ಳುವ ದಾರಿ ಅಂದೇ ಕಿರಿದಾಯಿತು. 1952ರ ಹೊತ್ತಿಗೆ ಭಾರತೀಯರ ಪ್ರಶ್ನೆಯ ಜೊತೆ ವರ್ಣಭೇದ ನೀತಿಯೇ ಸಭೆಯ ಕಾರ್ಯಸೂಚಿಗೆ ಬಂತು. 1977ರಲ್ಲಿ ಭದ್ರತಾ ಮಂಡಳಿ ದಕ್ಷಿಣ ಆಫ್ರಿಕಾಕ್ಕೆ ಶಸ್ತ್ರಾಸ್ತ್ರ ಮಾರುವುದನ್ನು ಎಲ್ಲ ದೇಶಗಳಿಗೂ ನಿಷೇಧಿಸಿತು. ಸದಸ್ಯ ರಾಷ್ಟ್ರವೊಂದರ ಮೇಲೆ ಅಂಥ ಕಡ್ಡಾಯ ನಿರ್ಬಂಧ ಬಿದ್ದದ್ದು ಅದೇ ಮೊದಲು.