ನಾಲ್ಕು ಐದಾದದ್ದು ಹೇಗೆ?

ಹಳೆಯ ಕೆಲವು ಫೋರ್ಟ್ರಾನ್ ಕಂಪೈಲರುಗಳಲ್ಲಿ 4 ಎಂಬ ಸಂಖ್ಯೆಯನ್ನೇ 5 ಮಾಡಿಬಿಡಬಹುದಿತ್ತು. ಆಮೇಲೆ ಅದೇ ಪ್ರೋಗ್ರಾಮಿನಲ್ಲಿ ನೀವು 4 ಎಂದು ಬರೆದಲ್ಲೆಲ್ಲ ಯಂತ್ರ 5 ಎಂದು ಓದಿಕೊಂಡು ನಿಷ್ಠೆಯಿಂದ ಲೆಕ್ಕ ಹಾಕುತ್ತಿತ್ತು.

ಇದರಲ್ಲಿ ಮಾಯೆಯೇನೂ ಇಲ್ಲ. 1958ರ ಫೋರ್ಟ್ರಾನ್ 2ರಲ್ಲಿ ಸಬ್‌ರುಟೀನುಗಳು ಬಂದವು. ಅವುಗಳಿಗೆ ತಲುಪುತ್ತಿದ್ದದ್ದು ಬೆಲೆಯಲ್ಲ, ಆ ಬೆಲೆ ಮೆಮೊರಿಯಲ್ಲಿ ಕುಳಿತ ಜಾಗದ ವಿಳಾಸ. 4 ಎಂಬ ಸ್ಥಿರಾಂಕಕ್ಕೂ ಮೆಮೊರಿಯಲ್ಲಿ ಒಂದು ಜಾಗ ಇತ್ತಲ್ಲ! ಸಬ್‌ರುಟೀನು ತನಗೆ ಬಂದದ್ದಕ್ಕೆ ಒಂದು ಕೂಡಿಸಿದರೆ, ತಿದ್ದುಪಡಿ ಬೀಳುತ್ತಿದ್ದದ್ದು ಆ ಜಾಗಕ್ಕೇ. ವಿಳಾಸ ಕೊಡುವ ಈ ಪದ್ಧತಿಯೇ ಪಾಸ್ ಬೈ ರೆಫರೆನ್ಸ್.

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಡೆನ್ನಿಸ್ ರಿಚಿ ರೂಪಿಸಿದ ಸಿ ಭಾಷೆ ಎದುರು ದಾರಿ ಹಿಡಿಯಿತು. ಅಲ್ಲಿ ಫಂಕ್ಷನ್ನಿಗೆ ಸಿಗುವುದು ಬೆಲೆಯ ಪ್ರತಿ ಮಾತ್ರ: ಪಾಸ್ ಬೈ ವ್ಯಾಲ್ಯೂ. ಪಹಣಿಯ ಜೆರಾಕ್ಸ್ ಮೇಲೆ ಏನು ಗೀಚಿದರೂ ತಾಲ್ಲೂಕು ಕಚೇರಿಯ ದಾಖಲೆ ಬದಲಾಗದು. ಎರಡು ಸಂಖ್ಯೆಗಳನ್ನು ಅದಲುಬದಲು ಮಾಡುವ ಫಂಕ್ಷನ್ ಬರೆದ ವಿದ್ಯಾರ್ಥಿಗಳು ಮೊದಲು ಎಡವುವುದು ಇಲ್ಲೇ. ಒಳಗೆ ಅದಲುಬದಲಾಗುತ್ತದೆ, ಹೊರಗೆ ಎಲ್ಲವೂ ಇದ್ದಂತೆಯೇ ಇರುತ್ತದೆ. ಮೂಲವನ್ನೇ ತಿದ್ದಬೇಕೆಂದರೆ ವಿಳಾಸವನ್ನು, ಅಂದರೆ ಪಾಯಿಂಟರನ್ನು, ನೀವೇ ಕೈಯಾರೆ ಕಳಿಸಬೇಕು.

ಹಾಗಾದರೆ ಎಲ್ಲದಕ್ಕೂ ಪ್ರತಿಯೇ ಕ್ಷೇಮವಲ್ಲವೇ? ಕ್ಷೇಮ ಹೌದು, ಆದರೆ ದುಬಾರಿ. 4000 × 3000 ಪಿಕ್ಸೆಲ್ಲಿನ ಫೋಟೊ, ಪಿಕ್ಸೆಲ್ಲಿಗೆ 3 ಬೈಟ್ ಎಂದರೂ 3.6 ಕೋಟಿ ಬೈಟ್. 64 ಬಿಟ್ ಯಂತ್ರದಲ್ಲಿ ಅದರ ವಿಳಾಸಕ್ಕೆ ಸಾಮಾನ್ಯವಾಗಿ 8 ಬೈಟ್ ಸಾಕು.

ಜಾವಾದಲ್ಲಿ ಆಬ್ಜೆಕ್ಟುಗಳು ರೆಫರೆನ್ಸ್ ಮೂಲಕ ಹೋಗುತ್ತವೆ ಎಂದು ಅನುಭವಿಗಳೂ ಹೇಳುವುದುಂಟು. ನನಗೆ ಅದು ಅರ್ಧಸತ್ಯ. ಜಾವಾ ವೇರಿಯಬಲ್ಲಿನೊಳಗೆ ಇರುವುದು ಆಬ್ಜೆಕ್ಟ್ ಅಲ್ಲ, ಅದನ್ನು ತೋರಿಸುವ ರೆಫರೆನ್ಸ್. ಫಂಕ್ಷನ್ನಿಗೆ ಹೋಗುವುದು ಆ ರೆಫರೆನ್ಸಿನ ಪ್ರತಿ. ಪರೀಕ್ಷೆ ಸುಲಭ. ಫಂಕ್ಷನ್ನಿನೊಳಗೆ ಪಟ್ಟಿಗೆ ಒಂದು ಹೆಸರು ಸೇರಿಸಿ, ಹೊರಗೂ ಕಾಣುತ್ತದೆ. ಅದೇ ಪ್ಯಾರಾಮೀಟರಿಗೆ ಹೊಸ ಪಟ್ಟಿಯನ್ನೇ ಕೊಟ್ಟು ನೋಡಿ, ಹೊರಗಿನ ವೇರಿಯಬಲ್ ಹಳೆಯ ಪಟ್ಟಿಯನ್ನೇ ಹಿಡಿದು ಕೂತಿರುತ್ತದೆ. ಪೈಥಾನಿನಲ್ಲೂ ಫಲಿತಾಂಶ ಇದೇ.

ಸ್ವಿಫ್ಟ್ ಭಾಷೆಯ ಅರೇಗಳ ಉಪಾಯ ಇವೆಲ್ಲಕ್ಕಿಂತ ಜಾಣತನದ್ದು. ಹೊರನೋಟಕ್ಕೆ ಪ್ರತಿ ಕೊಟ್ಟಂತೆ ನಡೆದುಕೊಂಡರೂ ಒಳಗೆ ಎರಡೂ ಕಡೆಯವರು ಒಂದೇ ಮೆಮೊರಿಯನ್ನು ಹಂಚಿಕೊಂಡಿರುತ್ತಾರೆ. ಯಾರಾದರೂ ತಿದ್ದಲು ಹೊರಟರೆ ಆಗ ಮಾತ್ರ ನಿಜವಾದ ಪ್ರತಿ ತಯಾರಾಗುತ್ತದೆ.