ಹಳೆಯ ಕಾರಿಗೆ ಹೊಸ ಸ್ಟಿಯರಿಂಗ್

ಆಟಿ ತಿಂಗಳ ಮಳೆ ದಕ್ಷಿಣ ಕನ್ನಡದ ತೋಟದ ಮನೆಗಳಿಗೆ ಒಂದು ಬಗೆಯ ಬಲವಂತದ ಬಿಡುವನ್ನು ತಂದುಕೊಡುತ್ತದೆ. ಅಡಕೆಗೆ ಮದ್ದು ಬಿಡುವಂತಿಲ್ಲ. ಅಂಗಳಕ್ಕೆ ಇಳಿದರೆ ಪಾಚಿಯಲ್ಲಿ ಕಾಲು ನಿಲ್ಲುವುದಿಲ್ಲ. ಪುತ್ತೂರು, ಸುಳ್ಯ, ಕಡಬಗಳ ಕಡೆಯ ಗೃಹಸ್ಥರ ಗಮನ ಶೆಡ್ಡಿನಲ್ಲಿ ನಿಂತ ಕಾರಿನ ಮೇಲೆ ಬೀಳುವುದು ಇಂಥ ದಿನಗಳಲ್ಲೇ. ಹತ್ತಾರು ಬೇಸಗೆಗಳ ಬಿಸಿಲನ್ನೂ ಅಷ್ಟೇ ಮಳೆಗಾಲಗಳ ತೇವವನ್ನೂ ಉಂಡ ಸ್ಟಿಯರಿಂಗ್ ಚಕ್ರ ಅಲ್ಲಲ್ಲಿ ಬಿರಿದಿರುತ್ತದೆ. ಇಲ್ಲವೆ ಅದರ ಹೊದಿಕೆ ಮೆತ್ತಗಾಗಿ ಅಂಗೈಗೆ ಅಂಟುತ್ತಿರುತ್ತದೆ. ಹೊಸದೊಂದನ್ನು ತಂದು ತಾವೇ ಕೂಡಿಸಿದರಾಯಿತು ಎಂಬ ಯೋಚನೆ ಆಗ ಸಹಜವಾಗಿಯೇ ಮೂಡುತ್ತದೆ. ಪಂಪುಸೆಟ್ಟನ್ನು ಬಿಚ್ಚಿ ಜೋಡಿಸಬಲ್ಲವರಿಗೆ, ಮದ್ದಿನ ಯಂತ್ರದ ವಾಲ್ವನ್ನು ತೋಟದ ನಡುವೆಯೇ ಬದಲಿಸಬಲ್ಲವರಿಗೆ, ನಡುಮಧ್ಯೆ ಒಂದೇ ಒಂದು ನಟ್ಟಿರುವ ಈ ಚಕ್ರ ಯಾವ ಲೆಕ್ಕ?

ಒಂದೇ ನಟ್ಟು ಎಂಬುದು ನಿಜ. ಆದರೆ ಈ ಸೀಮೆಯ ರಸ್ತೆಗಳನ್ನು ಬಲ್ಲವರು ಆ ಒಂದು ನಟ್ಟಿನ ಮೇಲೆ ಎಷ್ಟು ಭಾರವಿದೆಯೆಂಬುದನ್ನೂ ಬಲ್ಲರು. ಮಾಣಿಯಿಂದ ಪುತ್ತೂರು, ಸುಳ್ಯಗಳ ಮೂಲಕ ಸಾಗುವ ಹೆದ್ದಾರಿ ಸಂಪಾಜೆಯನ್ನು ದಾಟಿದೊಡನೆ ಘಾಟಿಯನ್ನೇರಿ ಮಡಿಕೇರಿಯನ್ನು ಮುಟ್ಟುತ್ತದೆ. ಇತ್ತ ಗುಂಡ್ಯದಿಂದ ಒಂದು ದಾರಿ ಶಿರಾಡಿ ಘಾಟಿಯತ್ತ ಏರಿದರೆ, ಇನ್ನೊಂದು ಕಾಡಿನ ನಡುವೆ ಕುಕ್ಕೆ ಸುಬ್ರಹ್ಮಣ್ಯದತ್ತ ಹೊರಳುತ್ತದೆ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಸಂಸಾರಸಮೇತರಾಗಿ ಕುಕ್ಕೆಗೆ ಬಂದವರೆಲ್ಲರಿಗೂ ಈ ತಿರುವುಗಳ ಪರಿಚಯವಿರುತ್ತದೆ. ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಕಣಿವೆ. ಚಾಲಕನ ಎರಡು ಕೈಗಳಿಗೂ ಮುಂದಿನ ಎರಡು ಗಾಲಿಗಳಿಗೂ ನಡುವಣ ನಂಟನ್ನು ಹಿಡಿದಿಟ್ಟಿರುವುದು ಹೆಬ್ಬೆರಳಿನಷ್ಟು ದಪ್ಪದ ಆ ಕಬ್ಬಿಣದ ಬಿಲ್ಲೆ.

ಮೊದಲ ಮೋಟಾರು ಗಾಡಿಗಳಿಗೆ ಈ ಚಕ್ರವೇ ಇರಲಿಲ್ಲ. ೧೮೮೬ರಲ್ಲಿ ಕಾರ್ಲ್ ಬೆಂಜ್ ಪೇಟೆಂಟ್ ಪಡೆದ ಮೂರು ಗಾಲಿಯ ವಾಹನವನ್ನು ಒಂದು ಹಿಡಿಕೆಯಿಂದ ತಿರುಗಿಸುತ್ತಿದ್ದರು. ೧೮೯೪ರ ಪ್ಯಾರಿಸ್–ರೂಆನ್ ಪಂದ್ಯದಲ್ಲಿ ಆಲ್ಫ್ರೆಡ್ ವಾಶೆರೋನ್ ಎಂಬಾತ ತನ್ನ ಪನಾರ್ ಗಾಡಿಗೆ ಚಕ್ರವನ್ನು ಅಳವಡಿಸಿಕೊಂಡು ಬಂದ. ಅಲ್ಲಿಂದೀಚೆಗೆ ಲೋಕವೆಲ್ಲ ಚಕ್ರವನ್ನೇ ಹಿಡಿದಿದೆ.

ಬಿಚ್ಚುವ ಬಗೆ

ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ ೮೦೦, ಹಳೆಯ ಮಹೀಂದ್ರ ಜೀಪು ಇವುಗಳ ವಿಷಯವನ್ನು ಮೊದಲು ನೋಡೋಣ. ಇವು ಕಾರ್ಖಾನೆಯಿಂದ ಹೊರಬೀಳುವುದು ನಿಂತು ವರ್ಷಗಳೇ ಸಂದಿದ್ದರೂ ಮಲೆಯ ತಪ್ಪಲಿನ ಮನೆಗಳಲ್ಲಿ ಇನ್ನೂ ಬಾಳುತ್ತಿವೆ. ಇವುಗಳ ಚಕ್ರದ ನಡುವೆ ಏರ್‌ಬ್ಯಾಗ್ ಇಲ್ಲ; ಆದ್ದರಿಂದ ಮನೆಯಲ್ಲಿ ಕೈಯಿಕ್ಕಬಹುದಾದ ಕೆಲಸ ಇದು.

ಕೆಲಸ ಪ್ರಾರಂಭವಾಗುವುದು ಸ್ಪ್ಯಾನರಿನಿಂದಲ್ಲ, ಒಂದು ಚಿಕ್ಕ ಸವಾರಿಯಿಂದ. ಮಟ್ಟಸವಾದ ನೆಟ್ಟನೆಯ ದಾರಿಯಲ್ಲಿ ನಿಧಾನವಾಗಿ ಓಡಿಸಿ, ಚಕ್ರವನ್ನು ಅಲುಗಿಸದೆ ಕಾರನ್ನು ನಿಲ್ಲಿಸಬೇಕು. ಗಾಲಿಗಳು ನೇರವಾಗಿರುವಾಗ ಹಳೆಯ ಚಕ್ರ ಹೇಗಿತ್ತೆಂಬುದಕ್ಕೆ ಇದೇ ಸಾಕ್ಷಿ. ಬಳಿಕ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಡಿಸಿ, ನಡುವಣ ಹಾರನ್ನಿನ ಮುಚ್ಚಳವನ್ನೆತ್ತಿದರೆ ನಟ್ಟು ಕಾಣುತ್ತದೆ. ಅದನ್ನು ಸಡಿಲಿಸುವ ಮುನ್ನ ದಂಡದ ತುದಿಗೂ ಚಕ್ರದ ಗುಂಬಕ್ಕೂ ಸೇರುವಂತೆ ಬಣ್ಣದ ಒಂದು ಗೆರೆಯನ್ನೆಳೆಯುವುದು ಅತ್ಯವಶ್ಯ. ಅರ್ಧ ನಿಮಿಷದ ಈ ಕೆಲಸವನ್ನು ಮರೆತವರು ಮುಂದೆ ಅರ್ಧ ದಿನವನ್ನು ತೆರುತ್ತಾರೆ.

ನಟ್ಟನ್ನು ಪೂರ್ತಿ ತೆಗೆಯಬಾರದು. ನಾಲ್ಕಾರು ಸುತ್ತು ಸಡಿಲಿಸಿ ಹಾಗೆಯೇ ಬಿಟ್ಟು, ಆಮೇಲೆ ಚಕ್ರವನ್ನು ಎರಡು ಕೈಗಳಿಂದ ಅತ್ತಿತ್ತ ಅಲುಗಿಸುತ್ತ ಎಳೆಯಬೇಕು. ತುಕ್ಕು ಹಿಡಿದ ಚಕ್ರ ಒಮ್ಮೆಲೇ ಕಳಚಿ ಬರುವುದುಂಟು. ಆಗ ನಟ್ಟು ಅದನ್ನು ತಡೆಯದಿದ್ದರೆ ಎಳೆದವನ ಹಲ್ಲುಗಳು ತಡೆಯಬೇಕಾಗುತ್ತದೆ. ಕರಾವಳಿಯ ಈ ತೇವದಲ್ಲಿ ಹತ್ತು ವರ್ಷ ಅಲುಗದೆ ಕುಳಿತದ್ದು ಸುಲಭವಾಗಿ ಬಾರದು. ತುಕ್ಕು ಬಿಡಿಸುವ ಎಣ್ಣೆಯನ್ನು ಹನಿಸಿ ಒಂದು ರಾತ್ರಿ ಬಿಟ್ಟು, ಮರುದಿನ ಪುಲ್ಲರ್ ಹಾಕಿ ಎಳೆಯುವುದೇ ಸರಿಯಾದ ದಾರಿ. ಸುತ್ತಿಗೆಯನ್ನು ಮಾತ್ರ ಮುಟ್ಟಬಾರದು. ಇದಕ್ಕೆ ಕಾರಣವಿದೆ. ಹಿಂದಿನ ಕಾರುಗಳಲ್ಲಿ ಸ್ಟಿಯರಿಂಗಿನ ದಂಡ ಒಂದೇ ಗಟ್ಟಿ ಸರಳಾಗಿದ್ದು, ಮುಖಾಮುಖಿ ಡಿಕ್ಕಿಯಾದಾಗ ಚಾಲಕನ ಎದೆಗೆ ಈಟಿಯಂತೆ ನಾಟುತ್ತಿತ್ತು. ಅಮೆರಿಕದಲ್ಲಿ ೧೯೬೮ರಿಂದ ಹೊಸ ಕಾರುಗಳಿಗೆ ಅನ್ವಯವಾದ ನಿಯಮಗಳು ಈ ಅಪಾಯವನ್ನು ತಗ್ಗಿಸಲೆಂದೇ ಬಂದವು. ಆ ಬಳಿಕ ಪೆಟ್ಟು ಬಿದ್ದರೆ ಒಳಕ್ಕೆ ಕುಸಿಯುವಂಥ ದಂಡಗಳು ಬಳಕೆಗೆ ಬಂದವು. ಅಂಥ ದಂಡದ ತುದಿಗೆ ಸುತ್ತಿಗೆಯ ಪೆಟ್ಟು ಬಿದ್ದರೆ, ಅಪಘಾತದ ದಿನಕ್ಕೆಂದು ಕಾದಿಟ್ಟ ಕುಸಿತ ಮನೆಯ ಶೆಡ್ಡಿನಲ್ಲೇ ಮುಗಿದುಹೋದೀತು.

ಹೊಸ ಚಕ್ರವನ್ನು ಕೂಡಿಸುವಾಗ ಇಂಡಿಕೇಟರಿನ ಕಡ್ಡಿ ನಡುವೆ ನಿಂತಿರಬೇಕು. ನಟ್ಟನ್ನು ಎಷ್ಟು ಬಿಗಿಯಬೇಕೆಂಬುದನ್ನು ಆಯಾ ಕಾರಿನ ಕೈಪಿಡಿ ಹೇಳುತ್ತದೆ. ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಅದು ಒಂದಡಿ ಉದ್ದದ ಸ್ಪ್ಯಾನರಿನ ತುದಿಗೆ ೧೦ರಿಂದ ೧೫ ಕಿಲೋ ಭಾರವನ್ನು ತೂಗುಹಾಕಿದಷ್ಟು ಬಿಗಿ. ಇದು ಕೇವಲ ಶಾಸ್ತ್ರಕ್ಕಾಗಿ ಹೇಳಿದ ಮಾತಲ್ಲ. ೨೦೧೮ರ ಮಾರ್ಚಿನಲ್ಲಿ ಫೋರ್ಡ್ ಕಂಪನಿ ಉತ್ತರ ಅಮೆರಿಕದಲ್ಲಿ ೧೩ ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡದ್ದು, ಸ್ಟಿಯರಿಂಗ್ ಚಕ್ರವನ್ನು ಹಿಡಿದಿಟ್ಟ ಬೋಲ್ಟು ಸಡಿಲಗೊಂಡು ಚಕ್ರವೇ ಕೈಗೆ ಬರಬಹುದೆಂಬ ಭಯದಿಂದ. ದೊಡ್ಡ ಕಾರ್ಖಾನೆಯ ಬಿಗಿತವೇ ತಪ್ಪಬಹುದಾದಲ್ಲಿ, ಶೆಡ್ಡಿನ ಮಂದ ಬೆಳಕಿನಲ್ಲಿ ಅಂದಾಜಿನ ಮೇಲೆ ಬಿಗಿದ ನಟ್ಟಿನ ಗತಿಯೇನು?

ಮೂಕ ಹಾರನ್ನು, ಸೊಟ್ಟ ಚಕ್ರ

ಎಲ್ಲವನ್ನೂ ಕೂಡಿಸಿ ಕೈತೊಳೆದು ಕಾಫಿಗೆ ಕುಳಿತಾಗ ಮನೆಯಾಕೆ, “ಎಲ್ಲ ಸರಿಯಾಯಿತೋ? ಹಾಗಾದರೆ ಸೀಟಿನ ಮೇಲೆ ಉಳಿದಿರುವ ಈ ಪುಟ್ಟ ಸ್ಪ್ರಿಂಗು ಯಾವುದು?” ಎಂದು ಕೇಳುವ ಸಂದರ್ಭ ಬರದಿರಲಿ. ಬಂದರೆ ಉತ್ತರ ಸುಲಭ: ಅದು ಹಾರನ್ನಿನದು.

ಹಳೆಯ ಕಾರುಗಳಲ್ಲಿ ಹಾರನ್ನಿಗೆ ಬೇಕಾದ ವಿದ್ಯುತ್ತು ಸದಾ ಸಿದ್ಧವಾಗಿರುತ್ತದೆ. ಗುಂಡಿಯನ್ನು ಒತ್ತಿದಾಗ ಕಾರಿನ ಲೋಹದ ಮೈಯ ಮೂಲಕ ಅದರ ಸುತ್ತು ಪೂರ್ಣಗೊಳ್ಳುತ್ತದೆ. ಚಕ್ರ ತಿರುಗುತ್ತಿದ್ದರೂ ಈ ಸಂಪರ್ಕ ಕಡಿಯದಿರಲೆಂದು ಅದರ ಬೆನ್ನಿಗೆ ಒಂದು ಹಿತ್ತಾಳೆಯ ಬಳೆ, ಬಳೆಗೆ ಒತ್ತಿ ನಿಲ್ಲುವ ಸ್ಪ್ರಿಂಗಿನ ಕಡ್ಡಿ ಇರುತ್ತವೆ. ಕಡ್ಡಿ ಬಳೆಯನ್ನು ಮುಟ್ಟದಿದ್ದರೆ ಹಾರನ್ನು ಮೂಕ. ತಂತಿ ಎಲ್ಲಿಯಾದರೂ ಬರಿಯ ಲೋಹಕ್ಕೆ ತಾಗಿದರೆ ಅದು ಬಾಯಿ ಮುಚ್ಚುವುದೇ ಇಲ್ಲ. ಬ್ಯಾಟರಿಯ ತಂತಿಯನ್ನು ಕೂಡಿಸಿದ ಕ್ಷಣದಿಂದ ನೆರೆಮನೆಯವರೆಲ್ಲ ಹೊರಗೆ ಬಂದು ನಿಲ್ಲುವಂತೆ ಕೂಗುತ್ತದೆ. ಚಕ್ರವನ್ನು ಒಂದು ಕಡೆಗೆ ತಿರುಗಿಸಿದಾಗ ಮಾತ್ರ ಹಾರನ್ನು ಬಾರದಿದ್ದರೆ ಬಳೆಯ ಒಂದು ಭಾಗಕ್ಕೆ ಕಿಲುಬು ಹಿಡಿದಿದೆಯೆಂದು ತಿಳಿಯಬೇಕು. ಸಣ್ಣ ಮರಳುಕಾಗದದಿಂದ ಉಜ್ಜಿದರೆ ಸಾಕು. ಪಟ್ಟಣದಲ್ಲಿ ಹಾರನ್ನು ಉಪದ್ರವವೇ ಹೌದು. ಎದುರಿನ ವಾಹನ ಕಾಣದ ಘಾಟಿಯ ತಿರುವಿನಲ್ಲಾದರೋ ಅದೇ ಕಣ್ಣು.

ಇಂಡಿಕೇಟರಿನ ಕಾಟ ಇನ್ನೊಂದು ಬಗೆಯದು. ತಿರುವು ಮುಗಿದು ಚಕ್ರ ನೇರವಾಗುವಾಗ ಅದರ ಬೆನ್ನಲ್ಲಿರುವ ಚಿಕ್ಕ ಮೊಳೆ ಕಡ್ಡಿಯನ್ನು ತಟ್ಟಿ ದೀಪವನ್ನು ಆರಿಸುತ್ತದೆ. ಮೊಳೆ ಮುರಿದಿದ್ದರೆ ದೀಪ ಆರುವುದಿಲ್ಲ. ಎಡಕ್ಕೆ ತಿರುಗಿದಾಗ ಬೇಗ, ಬಲಕ್ಕೆ ತಿರುಗಿದಾಗ ತಡವಾಗಿ ಆರಿದರೆ ದೋಷ ಇಂಡಿಕೇಟರಿನದಲ್ಲ. ಚಕ್ರವೇ ನಡುವಿನಲ್ಲಿ ಕುಳಿತಿಲ್ಲ.

ಹೀಗೆ ಎಲ್ಲ ದೂರುಗಳೂ ಕೊನೆಗೆ ಬಂದು ನಿಲ್ಲುವುದು ಸೊಟ್ಟ ಚಕ್ರದಲ್ಲಿ. ಕಾರು ನೇರವಾಗಿ ಓಡುತ್ತಿರುತ್ತದೆ, ಕೈಯಲ್ಲಿರುವ ಚಕ್ರ ಮಾತ್ರ ಓರೆಯಾಗಿರುತ್ತದೆ. ದಂಡದ ತುದಿಯ ಸುತ್ತಲೂ ಸಣ್ಣ ಹಲ್ಲುಗಳಿದ್ದು, ಚಕ್ರ ಅವುಗಳ ಮೇಲೆ ಕುಳಿತಿರುತ್ತದೆ. ೩೬ ಹಲ್ಲುಗಳಿದ್ದರೆ ಒಂದು ಹಲ್ಲಿನ ತಪ್ಪಿಗೆ ೧೦ ಡಿಗ್ರಿ ಓರೆ. ಓರೆ ಅದಕ್ಕಿಂತ ಕಡಿಮೆಯಿದ್ದರೆ ಹಲ್ಲನ್ನು ಬದಲಿಸಿ ಫಲವಿಲ್ಲ. ಈ ಕಡೆಯ ಓರೆ ಆ ಕಡೆಗೆ ಹೋದೀತು, ಅಷ್ಟೆ.

ನಿಜವಾದ ನಡುವನ್ನು ಕಂಡುಕೊಳ್ಳಲು ಸರಳವಾದ ಉಪಾಯವೊಂದಿದೆ. ಚಕ್ರವನ್ನು ಎಡಕ್ಕೆ ಕೊನೆಯವರೆಗೆ ತಿರುಗಿಸಿ, ಅಲ್ಲಿಂದ ಬಲತುದಿಗೆ ಎಷ್ಟು ಸುತ್ತಾಗುತ್ತದೆಂದು ಎಣಿಸಬೇಕು. ಅದರ ಅರ್ಧಕ್ಕೆ ಹಿಂದಿರುಗಿದರೆ ಅದು ಸ್ಟಿಯರಿಂಗ್ ಯಂತ್ರದ ನಡು. ಆಗ ಗಾಲಿಗಳು ನೇರವಾಗಿದ್ದು ಚಕ್ರ ಮಾತ್ರ ಓರೆಯಾಗಿದ್ದರೆ ಹಲ್ಲು ತಪ್ಪಿದೆ; ಬಿಚ್ಚಿ ಸರಿಯಾಗಿ ಕೂಡಿಸಬಹುದು. ಚಕ್ರ ನೇರವಾಗಿದ್ದು ಗಾಲಿಗಳೇ ಓರೆಯಾಗಿದ್ದರೆ, ಗಾಲಿಗಳನ್ನು ತಳ್ಳುವ ಎರಡು ಟೈ ರಾಡುಗಳ ಅಳತೆ ತಪ್ಪಿದೆ. ಬಹಳ ಜನ ಎಡವುವುದು ಇಲ್ಲಿ. ಟೈ ರಾಡಿನ ದೋಷವನ್ನು ಮುಚ್ಚಲು ಚಕ್ರವನ್ನೇ ಹಲ್ಲಿನಿಂದ ಹಲ್ಲಿಗೆ ಸರಿಸಿದರೆ ಕಣ್ಣಿಗೆ ಎಲ್ಲವೂ ನೆಟ್ಟಗಾಗುತ್ತದೆ. ಆದರೆ ಒಂದು ಬದಿಗೆ ಕಾರು ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ತಿರುಗುತ್ತದೆ. ಘಾಟಿಯ ಹಿಮ್ಮುರಿ ತಿರುವಿನಲ್ಲಿ ಆ ಕೊರತೆ ಗೊತ್ತಾಗುವುದು ತಡವಾಗಿ. ಟೈ ರಾಡುಗಳನ್ನು ಪೇಟೆಯ ಟಯರ್ ಅಂಗಡಿಯ ಅಲೈನ್‌ಮೆಂಟ್ ಯಂತ್ರಕ್ಕೆ ಒಪ್ಪಿಸುವುದೇ ಲೇಸು; ಅಂದಾಜಿನಲ್ಲಿ ತಿರುಪಿದರೆ ಟಯರುಗಳು ಬೇಗ ಸವೆಯುತ್ತವೆ.

ಕಾರು ತುಸು ಎಡಕ್ಕೆ ಎಳೆದೊಡನೆ ಗಾಬರಿಯಾಗಬೇಕಾದುದೂ ಇಲ್ಲ. ಮಳೆನೀರು ಹರಿದುಹೋಗಲೆಂದು ರಸ್ತೆಯ ನಡುವನ್ನು ಎತ್ತರಿಸಿ ಅಂಚನ್ನು ತಗ್ಗಿಸಿರುತ್ತಾರೆ. ಎಡಬದಿಯಲ್ಲಿ ಸಾಗುವ ಕಾರು ಎಡಕ್ಕೆ ವಾಲುವುದು ಅದರ ಪ್ರಕೃತಿ. ಮಟ್ಟಸವಾದ ಮೈದಾನದಲ್ಲಿ ಪರೀಕ್ಷಿಸಿದರೆ ನಿಜ ತಿಳಿಯುತ್ತದೆ.

ಷೋಕಿಗಾಗಿ ಚಿಕ್ಕ ಚಕ್ರವನ್ನು ತರುವ ತರುಣರು ಒಂದು ಲೆಕ್ಕವನ್ನು ಗಮನಿಸಬೇಕು. ೧೫ ಅಂಗುಲದ ಚಕ್ರದ ಬದಲು ೧೩ ಅಂಗುಲದ್ದನ್ನು ಹಾಕಿದರೆ ಅದೇ ತಿರುವಿಗೆ ಸುಮಾರು ಶೇಕಡ ೧೫ರಷ್ಟು ಹೆಚ್ಚು ಬಲ ಬೇಕು. ಪವರ್ ಸ್ಟಿಯರಿಂಗ್ ಇಲ್ಲದ ಜೀಪಿನಲ್ಲಿ ಇದು ತೋಳಿಗೆ ಚೆನ್ನಾಗಿಯೇ ತಿಳಿಯುತ್ತದೆ.

ಕೈ ಹಿಂತೆಗೆಯಬೇಕಾದಲ್ಲಿ

ಇಷ್ಟು ಹೊತ್ತು ಹೇಳಿದ್ದೆಲ್ಲ ಏರ್‌ಬ್ಯಾಗ್ ಇಲ್ಲದ ಕಾರುಗಳ ಮಾತು. ಅಮೆರಿಕದ ಜಾನ್ ಹೆಟ್ರಿಕ್ ೧೯೫೩ರಲ್ಲಿ ಪೇಟೆಂಟ್ ಪಡೆದ ಗಾಳಿಚೀಲದ ಕಲ್ಪನೆ ಬಲುಕಾಲದ ಮೇಲೆ ಕೈಗೂಡಿತು. ನಮ್ಮ ದೇಶದಲ್ಲಿ ೨೦೧೯ರ ಜುಲೈ ೧ರಿಂದ ತಯಾರಾಗುವ ಕಾರುಗಳಲ್ಲಿ ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು. ಅದು ಅಡಗಿರುವುದು ಸ್ಟಿಯರಿಂಗ್ ಚಕ್ರದ ನಡುವಣ ಮುಚ್ಚಳದಲ್ಲೇ. ಕಣ್ಣು ಮಿಟುಕಿಸುವುದರೊಳಗೆ ಚೀಲವನ್ನು ಉಬ್ಬಿಸಲು ಒಳಗೆ ಸ್ಫೋಟಕದಂಥ ಇಂಧನವಿದೆ. ಅಂಥ ಚಕ್ರವನ್ನು ಮಡಿಲಲ್ಲಿಟ್ಟುಕೊಂಡು ಸ್ಕ್ರೂ ಡ್ರೈವರಿನಿಂದ ಕೆದಕುವವರು ತಾವು ಹಿಡಿದಿರುವುದು ಏನೆಂಬುದನ್ನು ಅರಿತಿರಬೇಕು. ಬ್ಯಾಟರಿಯ ತಂತಿಯನ್ನು ಬಿಡಿಸಿದ ಮೇಲೂ ಆ ಸಲಕರಣೆಯಲ್ಲಿ ವಿದ್ಯುತ್ತು ಕೆಲಕಾಲ ಉಳಿದಿರುತ್ತದೆ. ತಂತಿ ಸರಿಯಿದೆಯೇ ಎಂದು ಪರೀಕ್ಷಿಸಲು ಮೀಟರನ್ನು ಹಚ್ಚುವುದೂ ಅಪಾಯವೇ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಿರುಗುವ ಚಕ್ರಕ್ಕೆ ವಿದ್ಯುತ್ತನ್ನು ಒಯ್ಯಲು ಹಿತ್ತಾಳೆಯ ಬಳೆಯ ಬದಲು ಗಡಿಯಾರದ ಸ್ಪ್ರಿಂಗಿನಂತೆ ಸುರುಳಿಯಾಗಿರುವ ಚಪ್ಪಟೆ ತಂತಿಪಟ್ಟಿ ಇರುತ್ತದೆ. ಕ್ಲಾಕ್ ಸ್ಪ್ರಿಂಗ್ ಎಂದೇ ಅದರ ಹೆಸರು. ಚಕ್ರವನ್ನು ತೆಗೆದಾಗ ಅದು ಅರಿವಿಲ್ಲದೆ ಒಂದು ಸುತ್ತು ತಿರುಗಿ ಹಾಗೆಯೇ ಕುಳಿತರೆ, ಮುಂದೆ ಯಾವುದೋ ಪೂರ್ಣ ತಿರುವಿನಲ್ಲಿ ಪಟ್ಟಿ ಕಡಿಯುತ್ತದೆ. ಹಾರನ್ನು ನಿಲ್ಲುತ್ತದೆ, ಏರ್‌ಬ್ಯಾಗಿನ ಎಚ್ಚರಿಕೆಯ ದೀಪ ಉರಿಯತೊಡಗುತ್ತದೆ. ಆ ದೀಪ ಉರಿಯುತ್ತಿರುವಷ್ಟು ಕಾಲ ಅಪಘಾತವಾದರೆ ಚೀಲ ಉಬ್ಬುವುದೆಂಬ ಭರವಸೆಯಿಲ್ಲ. ಬಲ್ಬನ್ನು ಕಿತ್ತು ಸಮಾಧಾನ ಪಡೆಯುವುದಂತೂ ಶುದ್ಧ ಆತ್ಮವಂಚನೆ.

ಗುಜರಿಯಿಂದ ತಂದ ಏರ್‌ಬ್ಯಾಗ್ ಸಹಿತವಾದ ಚಕ್ರ ಇನ್ನೂ ಅಪಾಯಕರ. ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗುಗಳಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ವರ್ಷಗಟ್ಟಲೆ ಸೆಕೆಯನ್ನೂ ತೇವವನ್ನೂ ಹೀರಿ ಕೆಟ್ಟು, ಉಬ್ಬಬೇಕಾದಲ್ಲಿ ಸಿಡಿದು ಲೋಹದ ಚೂರುಗಳನ್ನು ಚಾಲಕನ ಮುಖಕ್ಕೆ ಎರಚಿದ ಪ್ರಕರಣಗಳು ಲೋಕಪ್ರಸಿದ್ಧ. ಕೋಟಿಗಟ್ಟಲೆ ಏರ್‌ಬ್ಯಾಗುಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ೨೦೧೭ರಲ್ಲಿ ಕಂಪನಿಯೇ ದಿವಾಳಿಯೆದ್ದಿತು. ಸೆಕೆಗೂ ತೇವಕ್ಕೂ ತವರಾದ ಪಶ್ಚಿಮ ಕರಾವಳಿಯಲ್ಲಿ ಯಾವ ಕಾರಿನದೆಂದೂ ಎಷ್ಟು ವರ್ಷದ್ದೆಂದೂ ತಿಳಿಯದ ಏರ್‌ಬ್ಯಾಗನ್ನು ಎದೆಯ ಮುಂದೆ ಇಟ್ಟುಕೊಳ್ಳುವುದಕ್ಕಿಂತ, ಪುತ್ತೂರಿನಿಂದ ಸುಮಾರು ೫೦ ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಿ ಕಂಪನಿಯ ಕಾರ್ಯಾಗಾರದಲ್ಲಿ ಒಂದು ದಿನ ಕಾಯುವುದು ಮೇಲು. ಚಕ್ರದ ಹೊದಿಕೆ ಮಾತ್ರ ಕೆಟ್ಟಿದ್ದರೆ ಬದಲಿಸುವ ಗೊಡವೆಯೇ ಬೇಡ. ಚಕ್ರವನ್ನು ಬಿಚ್ಚದೆಯೇ ಅದಕ್ಕೆ ತೊಗಲು ಹೊಲಿಸಬಹುದು.

ಹಳೆಯ ಕಾರಿನ ಕೆಲಸ ಮುಗಿಸಿದವರಿಗೆ ಇನ್ನೊಂದು ಕ್ರಮ ಉಳಿದಿದೆ. ಬಿಗಿದ ನಟ್ಟಿನಿಂದ ದಂಡದ ತುದಿಯವರೆಗೆ ಬಿಳಿಯ ಬಣ್ಣದ ಸಣ್ಣ ಗೆರೆಯೊಂದನ್ನು ಎಳೆಯಬೇಕು. ಎರಡು ತುದಿಗಳಿಗೂ ಚಕ್ರವನ್ನು ತಿರುಗಿಸಿ ನೋಡಿ, ಬಲವಾಗಿ ತನ್ನತ್ತ ಎಳೆದು ನೋಡಿ, ಹಾರನ್ನನ್ನೂ ಇಂಡಿಕೇಟರನ್ನೂ ಪರೀಕ್ಷಿಸಿ, ಮೊದಲ ದಿನ ಊರೊಳಗಿನ ದಾರಿಯಲ್ಲಷ್ಟೇ ನಿಧಾನವಾಗಿ ಓಡಿಸಬೇಕು. ಮರುದಿನ ಬೆಳಗ್ಗೆ ಮುಚ್ಚಳವನ್ನೆತ್ತಿ ನೋಡಿದಾಗ ಬಿಳಿಯ ಗೆರೆ ಮುರಿಯದೆ ನೇರವಾಗಿದ್ದರೆ ನಟ್ಟು ಅಲುಗಿಲ್ಲ. ಕುಕ್ಕೆಯ ದಾರಿ ಹಿಡಿಯುವುದು ಆಮೇಲೆ.